ಹಳೆಯ ಟ್ಯಾಂಕ್ ಮಾದರಿಯನ್ನು ಉಜ್ಜುವ ಮೊದಲು

ಸಾಗರದ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಲೋಹದ ಟ್ಯಾಂಕ್ ಮಾದರಿಯನ್ನು ತೊಳೆದು, ಹೊಸದಾಗಿ ಬಣ್ಣ ಹಚ್ಚಿ ಮಾರಿದರೆ ಎಷ್ಟು ಬೆಲೆ ಬರಬಹುದು ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ತೊಳೆಯಬೇಡಿ, ಬಣ್ಣದ ಡಬ್ಬಿಯನ್ನಂತೂ ತೆರೆಯಲೇಬೇಡಿ.

ತೀರ್ಥಹಳ್ಳಿಯ ನಮ್ಮ ಮನೆಯಲ್ಲೂ ಅಂಥದೊಂದು ಟ್ಯಾಂಕ್ ಇತ್ತು. ಸೇನೆಯ ಕಾರ್ಯಾಗಾರದಲ್ಲಿ ಸೆಂಚೂರಿಯನ್ ಟ್ಯಾಂಕುಗಳ ದುರಸ್ತಿ ಮಾಡುತ್ತಿದ್ದ ನನ್ನ ದೊಡ್ಡಪ್ಪ ಒಮ್ಮೆ ರಜೆಗೆ ಬರುವಾಗ ಮುಂಬಯಿಯಲ್ಲಿ ಅದನ್ನು ಕೊಂಡು ತಂದಿದ್ದರು. ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ನಮ್ಮ ಸೇನೆಯ ಯುವ ಅಧಿಕಾರಿ ಅರುಣ್ ಖೇತ್ರಪಾಲ್ ಹೋರಾಡಿ ಮಡಿದದ್ದು ಇದೇ ಸೆಂಚೂರಿಯನ್‌ನಲ್ಲಿ ಎಂದು ಹೇಳುವಾಗ, ಗೇಣುದ್ದವೂ ಇಲ್ಲದ ಆ ಆಟಿಕೆಯನ್ನು ಅವರು ಎರಡೂ ಕೈಗಳಲ್ಲಿ ಹಿಡಿದುಕೊಂಡಿರುತ್ತಿದ್ದರು. ಅದು ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿಯು ಡಿಂಕಿ ಟಾಯ್ಸ್ ಹೆಸರಿನಲ್ಲಿ, 651ನೆಯ ಸಂಖ್ಯೆ ಕೊಟ್ಟು, 1954ರಲ್ಲಿ ಮಾರುಕಟ್ಟೆಗೆ ತಂದ ಮಾದರಿ ಎಂಬುದು ನನಗೆ ತಿಳಿಯುವ ವೇಳೆಗೆ ದೊಡ್ಡಪ್ಪನೂ ಇರಲಿಲ್ಲ, ಟ್ಯಾಂಕಿನ ಮೂಲರೂಪವೂ ಉಳಿದಿರಲಿಲ್ಲ.

ನಾನು ಮಾಡಿದ್ದಿಷ್ಟು. ಒಂದು ವರ್ಷ ಗೌರಿ ಹಬ್ಬದ ಮುಂಚೆ ಮನೆಯಲ್ಲಿ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಟ್ಯಾಂಕಿನ ಬಣ್ಣ ಸುಲಿದ ಅಂಚುಗಳಲ್ಲಿ ಬಿಳಿಯ ಪುಡಿ ಕಟ್ಟಿತ್ತು. ಮಳೆಗಾಲದ ಬೂಸ್ಟು ಎಂದುಕೊಂಡು ಅದನ್ನೂ ಪಾತ್ರೆಗಳ ಜೊತೆಗಿಟ್ಟು ತೆಂಗಿನ ನಾರಿನಿಂದ ತಿಕ್ಕಿದೆ. ಅದು ಬೂಸ್ಟಾಗಿರಲಿಲ್ಲ. ಇಂಥ ಮಾದರಿಗಳನ್ನು ಎರಕ ಹೊಯ್ಯುವುದು ಸತುವಿನ ಮಿಶ್ರಲೋಹದಲ್ಲಿ; ಬಣ್ಣದ ರಕ್ಷಣೆ ಹೋದ ಸತು ನಮ್ಮ ಮಲೆನಾಡಿನ ತೇವಕ್ಕೆ ಹಾಗೆ ಬಿಳಿಚಿಕೊಳ್ಳುತ್ತದೆ. ಹಿತ್ತಾಳೆಯ ಕಿಲುಬನ್ನು ಕರಗಿಸಿ ಹೊಳಪು ತರುವ ಅದೇ ಹುಳಿ ಸತುವನ್ನು ಕೊರೆಯುತ್ತದೆ. ಬೂದಿಯ ಹರಳುಗಳು ಉಳಿದ ಬಣ್ಣವನ್ನು ಕೆರೆದವು. ತೊಳೆದಾಗ ಟ್ಯಾಂಕ್ ಕಲೆಕಲೆಯಾಗಿ ಕಂಡದ್ದರಿಂದ ಗಾಬರಿಯಾಗಿ, ಶಿವಮೊಗ್ಗದ ಗಾಂಧಿ ಬಜಾರಿನಿಂದ ಹಸಿರು ಎನಾಮಲ್ ತಂದು ಎರಡು ಪದರ ಬಳಿದೆ. ದಪ್ಪ ಬಣ್ಣ ತಿರುಗುಗೋಪುರದ ಮೇಲಿನ ಸಣ್ಣ ಗೆರೆಗಳನ್ನೆಲ್ಲ ತುಂಬಿಬಿಟ್ಟಿತು, ಅಡಿಯಲ್ಲಿದ್ದ ಉಬ್ಬು ಅಕ್ಷರಗಳೂ ಮಬ್ಬಾದವು. ಕಾರ್ಖಾನೆಯಲ್ಲಿ ತೆಳ್ಳಗೆ, ಸಮವಾಗಿ ಕೂತ ಬಣ್ಣವನ್ನು ಕುಂಚದಿಂದ ಮರಳಿ ತರಲಾಗದು. ತಿಳಿದವರ ಕಣ್ಣಿಗೆ ಅದು ದೂರದಿಂದಲೇ ಕಾಣುತ್ತದೆ.

ಬೆಂಗಳೂರಿನ ಸಂಗ್ರಾಹಕರೊಬ್ಬರಿಗೆ ತೋರಿಸಿದಾಗ ಅವರು ನಳಿಗೆಯನ್ನಾಗಲಿ ಚಕ್ರಗಳನ್ನಾಗಲಿ ನೋಡಲಿಲ್ಲ, ಮೊದಲು ಅಡಿಮೇಲು ಮಾಡಿದರು. "ಎರಕ ಅಸಲಿ, ಬಣ್ಣ ನಿಮ್ಮದು," ಎಂದಷ್ಟೇ ಹೇಳಿ ಮೇಜಿನ ಮೇಲಿಟ್ಟರು. ಅವರು ಹೇಳಿದ ಬೆಲೆ ನಾನು ನಿರೀಕ್ಷಿಸಿದ್ದರ ಕಾಲು ಭಾಗವೂ ಇರಲಿಲ್ಲ. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಸುಲಿದಿದ್ದರೂ ಮೂಲದ ಬಣ್ಣವಿರುವ ಮಾದರಿಯನ್ನು ಹುಡುಕುವವರು ಬೇಕಾದಷ್ಟು ಜನರಿದ್ದಾರೆ, ಮನೆಯಲ್ಲಿ ಬಣ್ಣ ಬಳಿದದ್ದನ್ನು ಹೆಚ್ಚಾಗಿ ಬಿಡಿಭಾಗಗಳಿಗಾಗಿ ಕೊಳ್ಳುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಬೆಲೆ ಕೇಳುವ ಮೊದಲು ಅದು ಏನೆಂದು ತಿಳಿಯಬೇಕು. ಒಣಗಿದ ಮೃದು ಕುಂಚದಿಂದ ಧೂಳು ತೆಗೆದು, ಅಡಿಯಲ್ಲಿರುವ ಹೆಸರು, ಸಂಖ್ಯೆ, ದೇಶ ಇವುಗಳನ್ನು ಹಗಲು ಬೆಳಕಿನಲ್ಲಿ ಓದಿ ಬರೆದುಕೊಳ್ಳಿ. ಪ್ರಮಾಣ, ಅಂದರೆ ಮಾದರಿಯು ನಿಜವಾದ ಟ್ಯಾಂಕಿಗಿಂತ ಎಷ್ಟು ಪಟ್ಟು ಚಿಕ್ಕದು ಎಂಬುದನ್ನು ತಿಳಿಯಲು ಉದ್ದವನ್ನು ನಂಬಬೇಡಿ, ನಳಿಗೆ ತಿರುಗಿದಂತೆ ಉದ್ದ ಬದಲಾಗುತ್ತದೆ, ಅಗಲ ಅಳೆಯಿರಿ. ಉದಾಹರಣೆಗೆ, ನಿಜವಾದ ಸೆಂಚೂರಿಯನ್ ಸುಮಾರು 3.39 ಮೀಟರ್ ಅಗಲವಿತ್ತು, ಆದ್ದರಿಂದ 35 ಪಟ್ಟು ಚಿಕ್ಕದಾದ 1:35ರ ಮಾದರಿ ಸುಮಾರು 97 ಮಿಲಿಮೀಟರ್, 1:72ರದ್ದು ಸುಮಾರು 47 ಮಿಲಿಮೀಟರ್ ಬರುತ್ತದೆ. ಚಕ್ರಗಳ ಸುತ್ತಲಿನ ರಬ್ಬರ್ ಪಟ್ಟಿ ಗಟ್ಟಿಯಾಗಿ ತುಂಡಾಗಿದ್ದರೆ ಚಿಂತೆ ಬೇಡ, ಹೊಸ ಪಟ್ಟಿಗಳು ಸಿಗುತ್ತವೆ; ಬದಲಿಸಿದ್ದನ್ನು ಕೊಳ್ಳುವವರಿಗೆ ಹೇಳಿದರಾಯಿತು. ಲೋಹದ ಮೈಯೇ ಬಿರುಕು ಬಿಟ್ಟು ಉಬ್ಬಿದ್ದರೆ ಮಾತ್ರ ಕಷ್ಟ: ಅದು ಎರಕದಲ್ಲಿ ಸೀಸದಂಥ ಕಲ್ಮಶ ಸೇರಿದ್ದರಿಂದ ಬರುವ, ತೇವದಲ್ಲಿ ಬೇಗ ಹೆಚ್ಚುವ ಝಿಂಕ್ ಪೆಸ್ಟ್ ಎಂಬ ಸತುವಿನ ರೋಗ, ಅದಕ್ಕೆ ಮದ್ದಿಲ್ಲ. ರಟ್ಟಿನ ಪೆಟ್ಟಿಗೆ ಇದ್ದರೆ, ಬೂಸ್ಟು ಹಿಡಿದಿದ್ದರೂ ಬಚ್ಚಲ ಒಲೆಗೆ ಹಾಕಲು ಬಿಡಬೇಡಿ, ನೆರಳಿನಲ್ಲಿ ಒಣಗಿಸಿ. ಮೂಲ ಪೆಟ್ಟಿಗೆಯಿದ್ದರೆ ಬೆಲೆ ಬಹಳ ಏರುತ್ತದೆ.

ನನ್ನ ಟ್ಯಾಂಕನ್ನು ಮಾರಲಿಲ್ಲ. ನನ್ನ ಬಣ್ಣವನ್ನು ರಾಸಾಯನಿಕದಿಂದ ತೆಗೆದು ಹಳೆಯ ಹಸಿರನ್ನೇ ಹೋಲುವಂತೆ ಬಳಿದುಕೊಡುವುದಾಗಿ ಆಮೇಲೆ ಇಬ್ಬರು ಮುಂದೆ ಬಂದರು, ನಾನು ಒಪ್ಪಲಿಲ್ಲ. ನಳಿಗೆಯ ಬುಡದಲ್ಲಿ ನಾರೂ ಕುಂಚವೂ ತಲುಪದ ಸಂದಿಯೊಂದಿದೆ. ದೊಡ್ಡಪ್ಪ ತಂದ ದಿನದ ಹಸಿರು ಅಲ್ಲಿ ಅಕ್ಕಿಕಾಳಿನಷ್ಟು ಉಳಿದಿದೆ.