ಏಳು ಗಂಟೆಯ ಮೇಲೆ ಫೋನ್ ಎತ್ತದ ದೊಡ್ಡಣ್ಣ

"ಈ ಪರದೇಶಕ್ಕೆ ಬಂದು ಎರಡು ತಿಂಗಳಾಯಿತು. ಕೆಲಸ ಚೆನ್ನಾಗಿದೆ, ಖುಷಿಯಾಗಿದ್ದೇನೆ. ಆದರೆ ಕಷ್ಟ ಅಂತ ಬಂದರೆ ಇಲ್ಲಿ ನಮ್ಮವರು ಅಂತ ಯಾರಿದ್ದಾರೆ ಅಣ್ಣ? ಯಾರನ್ನು ನಂಬೋದು?" ಅಂತ ಕೇಳಿದ್ದಿರಿ. ಕೇಳಿ ಎರಡು ವಾರವಾಯಿತು, ತಡವಾಯಿತು, ಕ್ಷಮಿಸಿ. ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಒಬ್ಬ ಮನುಷ್ಯ. ಅವರು ಅದೇ ವಾರ ತೀರಿಕೊಂಡರು.

ಹೆಸರು ಬೇಡ. ನಾವೆಲ್ಲ ದೊಡ್ಡಣ್ಣ ಅಂತಿದ್ದೆವು. ಯಾವ ಸಂಘಕ್ಕೂ ಅಧ್ಯಕ್ಷರಾಗಿರಲಿಲ್ಲ, ವೇದಿಕೆ ಹತ್ತಿದವರಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಇಲ್ಲಿಗೆ ಬಂದ ನಮ್ಮವರಲ್ಲಿ ಅವರ ಹಳೇ ಕಾರಿನ ಮುಂದಿನ ಸೀಟಿನಲ್ಲಿ ಕೂರದವರು ಕಮ್ಮಿ.

ಮೊದಲ ಸಲ ಬ್ಯಾಂಕಿಗೆ ಹೋದಾಗ ನನ್ನ ಜೊತೆ ಬಂದರು. ನನಗೋ ಆನೆಬಲ. ಒಳಗೆ ಹೋದದ್ದೇ ತಡ, ಅವರು ಗೋಡೆ ಪಕ್ಕದ ಕುರ್ಚಿ ಹಿಡಿದು ಪೇಪರ್ ಬಿಡಿಸಿಬಿಟ್ಟರು. ಕೌಂಟರಿನ ಹೆಂಗಸು ಏನೋ ಕೇಳಿದರು, ನನಗೆ ಅರ್ಧ ತಿಳಿಯಲಿಲ್ಲ. ಹಿಂತಿರುಗಿ ನೋಡಿದೆ. ಪೇಪರ್ ಇನ್ನೂ ಸ್ವಲ್ಪ ಮೇಲಕ್ಕೆ ಹೋಯಿತು. ಮೂರು ಸಲ ಕೇಳಿದ ಮೇಲೆ ಗೊತ್ತಾಯಿತು, ಖಾತೆ ತೆರೆಯಲು ವಿಳಾಸದ ದಾಖಲೆ ಬೇಕಂತೆ. ಮನೆಯವನು ನೋಡಿದರೆ ಬ್ಯಾಂಕ್ ಖಾತೆ ಇಲ್ಲದೆ ಬಾಡಿಗೆ ಕರಾರು ಮಾಡಲ್ಲ ಅಂದಿದ್ದ. ಬರಿಗೈಯಲ್ಲಿ ಹೊರಗೆ ಬಂದೆ. ಕಾರಿನಲ್ಲಿ ಕೂತ ಮೇಲೆ ದೊಡ್ಡಣ್ಣ ಬಾಯಿಬಿಟ್ಟರು: "ಆಫೀಸಿನವರ ಹತ್ತಿರ ಒಂದು ಪತ್ರ ಬರೆಸ್ಕೊಂಡು ಬಾ. ಬಹಳ ಕಡೆ ನಡೆಯುತ್ತೆ." ಮೊದಲೇ ಹೇಳಬಾರದಿತ್ತಾ ಅಂತ ಸಿಟ್ಟು ಬಂತು. "ಹೇಳಿದ್ರೆ ನೀನು ಮಾತೇ ಆಡ್ತಿರಲಿಲ್ಲ" ಅಂದರು. ಮುಂದಿನ ವಾರ ನಾನೊಬ್ಬನೇ ಹೋದೆ.

ಈಗ ನಿಮಗೆ ಹೇಳಲೇಬೇಕಾದ ವಿಷಯ. ಸಂಜೆ ಏಳರ ಮೇಲೆ ಅವರ ಫೋನ್ ಡ್ರಾಯರ್ ಸೇರುತ್ತಿತ್ತು. ಒಂದು ಸಲ ಬಾಡಿಗೆ ಮುಂಗಡದ ಜಗಳ ತಲೆಗೇರಿ, ಎಂಟು ಗಂಟೆಗೆ ಅವರ ಮನೆಯ ಫೋನಿಗೇ ಮಾಡಿದೆ. ಅತ್ತಿಗೆ ಎತ್ತಿದರು. "ಮಗಳಿಗೆ ಲೆಕ್ಕ ಹೇಳಿಕೊಡ್ತಾ ಇದ್ದಾರೆ. ಆಸ್ಪತ್ರೆ ವಿಷಯಾನಾ? ಅಲ್ಲ ಅಂದ್ರೆ ಬೆಳಿಗ್ಗೆ ಅವರೇ ಮಾಡ್ತಾರೆ." ಹಿಂದುಗಡೆ ಅವರ ದನಿ ಕೇಳುತ್ತಿತ್ತು, ಭಿನ್ನರಾಶಿ ಹೇಳಿಕೊಡುತ್ತಿದ್ದರು. ನನಗೆ ಎಷ್ಟು ಅವಮಾನವಾಯಿತು ಅಂದರೆ ಒಂದು ತಿಂಗಳು ಅವರ ಮನೆ ಕಡೆ ತಲೆ ಹಾಕಲಿಲ್ಲ. ಊರಿಗೆಲ್ಲ ಬೇಕಾದವರು ನನಗೆ ಐದು ನಿಮಿಷ ಕೊಡಲಿಲ್ಲ ಅಂತ. ಬೆಳಿಗ್ಗೆ ಆರೂವರೆಗೆ ಅವರೇ ಫೋನ್ ಮಾಡಿದ್ದರು, ನಾನು ಎತ್ತಿರಲಿಲ್ಲ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಪರರ ಸೇವೆ ಮಾಡಿ ಮನೆ ಹಾಳು ಮಾಡಿಕೊಂಡವರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೊಸಬರಿಗೆ ವಿಮಾನ ನಿಲ್ದಾಣ, ಮನೆಯವರಿಗೆ ಟ್ಯಾಕ್ಸಿ. ದೊಡ್ಡಣ್ಣ ಹಾಗಾಗಲಿಲ್ಲ. ಅದಕ್ಕೇ ಇಪ್ಪತ್ತು ವರ್ಷ ನಡೆಸಿದರು ಅನ್ನಿಸುತ್ತೆ. ಅತ್ತಿಗೆ ಒಂದು ದಿನವೂ ನಮ್ಮನ್ನು ಕಂಡು ಮುಖ ಸಿಂಡರಿಸಲಿಲ್ಲ. ಸಿಂಡರಿಸುವ ಕಾರಣವನ್ನೇ ದೊಡ್ಡಣ್ಣ ಕೊಟ್ಟಿರಲಿಲ್ಲ.

ತಪ್ಪೂ ಮಾಡುತ್ತಿದ್ದರು. ನಾನು ಹಳೇ ಕೆಲಸ ಬಿಡುತ್ತೇನೆ ಅಂದಾಗ ಬೇಡ ಅಂತ ಹಟ ಹಿಡಿದರು, ಎರಡು ಗಂಟೆ ಕೊರೆದರು. ಬಿಟ್ಟೆ, ಒಳ್ಳೆಯದೇ ಆಯಿತು. ಅವರು ಅದನ್ನು ಕೊನೆವರೆಗೂ ಒಪ್ಪಲಿಲ್ಲ.

ಆ ಹೊಸ ಕೆಲಸ ಸಿಕ್ಕಿದ್ದೂ ಅವರಿಂದಲೇ ಅನ್ನೋದು ತಮಾಷೆ. ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾರು ಯಾವಾಗ ಬಂದರು, ಏನು ಬಲ್ಲರು, ಯಾರಿಗೆ ಯಾರು ಗೊತ್ತು. ವರ್ಷಕ್ಕೊಂದು ಸಲ ಸಿಗುವ ಯಾರನ್ನೋ "ಸುಮ್ನೆ ಒಂದ್ಸಲ ಮಾತಾಡಿಸು" ಅಂದರು. ಮಾತಾಡಿಸಿದೆ, ಕೆಲಸ ಸಿಕ್ಕಿತು. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ 1973ರಲ್ಲಿ ಇದನ್ನೇ ಬರೆದಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಆ ಪರಿಚಯದವರನ್ನು ಆಗಾಗ ನೋಡುತ್ತಿದ್ದೆವು ಅಂದವರು 100ಕ್ಕೆ 17 ಜನವೂ ಇರಲಿಲ್ಲ. ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ, ಅಲ್ವಾ? ಹಾಗಾಗಿ ಆಪ್ತ ಗೆಳೆಯರು ಇನ್ನೂ ಸಿಕ್ಕಿಲ್ಲ ಅಂತ ಕೊರಗಬೇಡಿ. ಲಿಫ್ಟಿನಲ್ಲಿ ನಗುವವರನ್ನೂ ಮಾತಾಡಿಸಿ.

ಅವರು ಹೋದದ್ದು ರಾತ್ರಿ, ನಿದ್ದೆಯಲ್ಲಿ. ನಾವು ನಾಲ್ಕು ಜನ ಬೆಳಗಾಗುವಷ್ಟರಲ್ಲಿ ಓಡಿದೆವು, ಅತ್ತಿಗೆಗೆ ಏನೂ ತಿಳಿಯದು, ನಾವೇ ನೋಡಿಕೊಳ್ಳಬೇಕು ಅಂತ. ಅತ್ತಿಗೆ ಒಂದು ನೀಲಿ ಫೈಲ್ ತಂದು ಮೇಜಿನ ಮೇಲಿಟ್ಟರು. ಉಯಿಲು, ವಿಮೆ, ಎರಡೂ ದೇಶದ ಖಾತೆಗಳು, ನಾಮಿನಿ ಹೆಸರು, ಪಾಸ್‌ಪೋರ್ಟಿನ ನಕಲು. ಮೊದಲ ಹಾಳೆಯಲ್ಲಿ ಮೊದಲು ಯಾರಿಗೆ ಫೋನ್ ಮಾಡಬೇಕು ಅಂತ ಅವರದೇ ಅಕ್ಷರದಲ್ಲಿ. ಪ್ರತಿ ವರ್ಷ ಒಂದು ಭಾನುವಾರ ಇಬ್ಬರೂ ಕೂತು ಅದನ್ನು ತಿದ್ದುತ್ತಿದ್ದರಂತೆ. ಹಿಂದೆ ಇನ್ನೊಬ್ಬರ ಮನೆಯಲ್ಲಿ ಸಾವಾದಾಗ ಅವರೇ ಓಡಾಡಿದ್ದರು. ದೇಹವನ್ನು ಊರಿಗೆ ಕಳಿಸಬೇಕಾದರೆ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಎಂಬಾಮಿಂಗ್ ಮಾಡಿದ ಪತ್ರ, ರದ್ದು ಮಾಡಿಸಿದ ಪಾಸ್‌ಪೋರ್ಟ್, ನಮ್ಮ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ಎಲ್ಲಾ ಬೇಕು. ಆ ಮನೆಯವರಿಗೆ ಗಂಡನ ಖಾತೆ ಯಾವ ಬ್ಯಾಂಕಿನಲ್ಲಿದೆ ಅನ್ನೋದೂ ಗೊತ್ತಿರಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ದೊಡ್ಡಣ್ಣ ಈ ಫೈಲ್ ಶುರು ಮಾಡಿದ್ದು.

ನಿಮಗಿನ್ನೂ ವಯಸ್ಸು ಕಮ್ಮಿ, ಸಾವಿನ ಮಾತು ಯಾಕೆ ಅಂದುಕೊಳ್ಳಬೇಡಿ. ಆ ಮೊದಲ ಹಾಳೆಯನ್ನಾದರೂ ಈ ವಾರ ಬರೆದಿಡಿ. ಏನಾದರೂ ಆದರೆ ಆಫೀಸಿನಲ್ಲಿ ಯಾರಿಗೆ ಹೇಳಬೇಕು, ಊರಿನಲ್ಲಿ ಯಾರಿಗೆ, ಅಷ್ಟೇ.

ಕಾರ್ಯವೆಲ್ಲ ಮುಗಿದ ಮೇಲೆ ಆ ಭಿನ್ನರಾಶಿಯ ಮಗಳು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಈಗ ಅವಳಿಗೇ ಇಬ್ಬರು ಮಕ್ಕಳು. ನನ್ನ ಪುಟ ಹುಡುಕಿದೆ. ಬಂದ ತಾರೀಖು, ಕೆಳಗೆ: "ಮಾತು ಕಮ್ಮಿ. ಸಿಟ್ಟು ಬೇಗ. ಆರು ತಿಂಗಳಾದ ಮೇಲೆ ವಿಚಾರಿಸು." ಬೇರೆಯವರ ಪುಟಗಳಲ್ಲೂ ಅದೇ ಆರು ತಿಂಗಳು. ಸ್ವೆರೆ ಲಿಸ್‌ಗಾರ್ಡ್ ಅನ್ನುವ ಸಮಾಜಶಾಸ್ತ್ರಜ್ಞರು 1955ರಲ್ಲಿ, ಅಮೆರಿಕಕ್ಕೆ ಹೋಗಿದ್ದ 200ಕ್ಕೂ ಹೆಚ್ಚು ನಾರ್ವೆಯವರನ್ನು ಮಾತಾಡಿಸಿ ಬರೆದದ್ದೂ ಹೀಗೇ ಇದೆ. ಆರು ತಿಂಗಳೊಳಗಿನವರು ಆರಾಮ, ಹದಿನೆಂಟು ತಿಂಗಳು ದಾಟಿದವರೂ ಆರಾಮ, ಒದ್ದಾಡುವವರು ನಡುವಿನವರು. ದೊಡ್ಡಣ್ಣ ಅದನ್ನು ಓದಿದವರಲ್ಲ. ಜನರನ್ನು ನೋಡಿ ತಿಳಿದುಕೊಂಡಿದ್ದರು.

ನಿಮಗೀಗ ಎರಡೂವರೆ ತಿಂಗಳು. ಖಾಲಿ ಪುಟ ಒಂದಿತ್ತು, ನಿಮ್ಮ ಹೆಸರು ಬರೆದುಕೊಂಡಿದ್ದೇನೆ. ಇನ್ನು ಮೂರೂವರೆ ತಿಂಗಳಿಗೆ ನಾನೇ ಫೋನ್ ಮಾಡುತ್ತೇನೆ. ಅದಕ್ಕೆ ಮೊದಲು ಬೇಕಾದರೆ ನೀವೇ ಮಾಡಿ. ಏಳು ಗಂಟೆಯೊಳಗೆ ಮಾಡಿ, ಆಮೇಲೆ ನಮ್ಮ ಹುಡುಗನ ಲೆಕ್ಕ ಇರುತ್ತೆ. ಆಸ್ಪತ್ರೆ ವಿಷಯ ಆದರೆ ಯಾವಾಗ ಬೇಕಾದರೂ ಮಾಡಿ.