ಎತ್ತರದ ಜಾಗದಲ್ಲಿ ಕಡಸುಗಳ ಎದೆ ಊದುವುದಕ್ಕೆ ಹೊಟ್ಟೆಯ ಬ್ಯಾಕ್ಟೀರಿಯಾ ಕಾರಣವಾ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಕೊಲೊರಾಡೊದಲ್ಲಿ ಡೈರಿಗಳಿಗೆ ಕಡಸು ಬೆಳೆಸಿಕೊಡುವ ಫಾರ್ಮ್‌ನಲ್ಲಿ ಕೆಲಸ ಮಾಡುತ್ತಾನೆ. ಎತ್ತರದ ಜಾಗ. ಕೆಲವು ಹೋಲ್‌ಸ್ಟೀನ್ ಕಡಸುಗಳಿಗೆ ಎದೆಯಲ್ಲಿ ನೀರು ತುಂಬಿ ಸಾಯುತ್ತಿವೆಯಂತೆ. ಹೊಟ್ಟೆಯ ಬ್ಯಾಕ್ಟೀರಿಯಾ ಏರುಪೇರಾದರೂ ಹೀಗಾಗುತ್ತದೆ ಅಂತ ಯಾರೋ ಹೇಳಿದ್ದಾರೆ. ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ತಿನ್ನಿಸಿದರೆ ತಡೆಯಬಹುದಾ? ಮಂಡ್ಯದ ನಮ್ಮ ಮನೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿಗೂ ಒಮ್ಮೆ ಹೀಗೇ ಎದೆ ಊದಿತ್ತು. ಅದೂ ಇದೇ ಕಾಯಿಲೆನಾ?

ಉತ್ತರ:

ಪ್ರೋಬಯಾಟಿಕ್‌ಗೆ ಹಾಕುವ ದುಡ್ಡಿನಲ್ಲಿ ಮೊದಲು ಕಡಸುಗಳ ಶ್ವಾಸಕೋಶದ ರಕ್ತದೊತ್ತಡ ಅಳೆಸಲಿ. ನಾನು ಪಶುವೈದ್ಯ, ಕೊಲೊರಾಡೊ ಕಡೆಯ ದನಗಳನ್ನೂ ಮಂಡ್ಯ ಕಡೆಯ ದನಗಳನ್ನೂ ನೋಡಿದವನು. ನನ್ನ ಉತ್ತರ ಇಷ್ಟೇ. ಹಾಗಂತ ಬ್ಯಾಕ್ಟೀರಿಯಾದ ಮಾತು ಸುಳ್ಳಲ್ಲ, ಅದರಲ್ಲಿ ತಿರುಳಿದೆ. ಆದರೆ ಯಾವುದು ಕಾರಣ, ಯಾವುದು ಪರಿಣಾಮ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅಷ್ಟರಲ್ಲೇ ಡಬ್ಬಿ ಮಾರುವವರು ಹೊರಟಿದ್ದಾರೆ.

ಈ ಕಾಯಿಲೆಗೆ ಅಲ್ಲಿ ಬ್ರಿಸ್ಕೆಟ್ ಡಿಸೀಸ್ ಅನ್ನುತ್ತಾರೆ. ಬ್ರಿಸ್ಕೆಟ್ ಅಂದರೆ ಮುಂಗಾಲುಗಳ ನಡುವಿನ ಎದೆಭಾಗ, ಗಂಗೆದೊಗಲು ಬಂದು ಸೇರುವ ಜಾಗ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನ ಕೃಷಿ ಕಾಲೇಜಿನ ಗ್ಲೋವರ್ ಮತ್ತು ನ್ಯೂಸಮ್ ಎಂಬ ಇಬ್ಬರು 1915ರಲ್ಲೇ ಇದರ ಬಗ್ಗೆ ಬರೆದರು. ಊತ ಇರುವುದು ಎದೆಯಲ್ಲಿ, ತೊಂದರೆ ಇರುವುದು ಶ್ವಾಸಕೋಶದಲ್ಲಿ.

ಶ್ವಾಸಕೋಶಕ್ಕೆ ಒಂದು ಗುಣವಿದೆ. ಯಾವ ಭಾಗಕ್ಕೆ ಆಮ್ಲಜನಕ ಸರಿಯಾಗಿ ಬರುವುದಿಲ್ಲವೋ ಅಲ್ಲಿನ ರಕ್ತನಾಳ ಬಿಗಿಯುತ್ತದೆ. ಬೆಳೆ ಇಲ್ಲದ ಗದ್ದೆಗೆ ತೂಬು ಮುಚ್ಚಿ ಪಕ್ಕದ ಗದ್ದೆಗೆ ನೀರು ಬಿಟ್ಟ ಹಾಗೆ. ನ್ಯುಮೋನಿಯಾ ಬಂದು ಒಂದು ಭಾಗ ಕೆಟ್ಟಿದ್ದರೆ ಇದು ಬಹಳ ಉಪಯೋಗದ ಗುಣ. ಆದರೆ ಎತ್ತರದ ಜಾಗದಲ್ಲಿ ಇಡೀ ಶ್ವಾಸಕೋಶಕ್ಕೇ ಆಮ್ಲಜನಕ ಕಡಿಮೆ. ಆಗ ಎಲ್ಲ ತೂಬುಗಳೂ ಒಟ್ಟಿಗೆ ಬಿಗಿಯುತ್ತವೆ. ದನಗಳ ಶ್ವಾಸಕೋಶದ ನಾಳಗಳಲ್ಲಿ ಸ್ನಾಯುವಿನ ಪದರ ದಪ್ಪ, ಹಾಗಾಗಿ ಬಿಗಿತವೂ ಜೋರು. ಜೊತೆಗೆ ದೇಹದ ಗಾತ್ರಕ್ಕೆ ಹೋಲಿಸಿದರೆ ದನದ ಶ್ವಾಸಕೋಶ ಚಿಕ್ಕದು. ಬಿಗಿದ ನಾಳಗಳ ಮೂಲಕ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ದಪ್ಪವಾಗುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಸೋಲುತ್ತದೆ. ರಕ್ತ ಹಿಂದಕ್ಕೆ ನಿಲ್ಲುತ್ತದೆ. ಕತ್ತಿನ ರಕ್ತನಾಳ ಉಬ್ಬಿ ಮಿಡಿಯುತ್ತದೆ. ಎದೆ, ದವಡೆಯ ಕೆಳಗೆ, ಹೊಟ್ಟೆಯ ಅಡಿ ನೀರು ಇಳಿಯುತ್ತದೆ. ಯಕೃತ್ತಿನಲ್ಲೂ ಕರುಳಿನ ಗೋಡೆಯಲ್ಲೂ ರಕ್ತ ನಿಂತು ಭೇದಿ ಶುರುವಾಗುತ್ತದೆ. ಈ ಭೇದಿಯ ವಿಷಯ ನೆನಪಿರಲಿ, ಮತ್ತೆ ಬೇಕಾಗುತ್ತದೆ.

ಎಷ್ಟು ಎತ್ತರ ಅಂದರೆ? ಮೊದಲು ಇದು 2,500 ಮೀಟರ್ ಮೇಲಿನ ಹುಲ್ಲುಗಾವಲಿನ ಕಾಯಿಲೆ ಅಂತಿದ್ದರು. ಆದರೆ 1,600 ಮೀಟರ್‌ನಲ್ಲೇ ಹೋಲ್‌ಸ್ಟೀನ್ ಕಡಸುಗಳ ಹೃದಯ ಸೋತದ್ದು 2012ರಲ್ಲಿ ವರದಿಯಾಯಿತು. ಡೆನ್ವರ್ ಊರಿನ ಎತ್ತರವೇ ಸುಮಾರು ಅಷ್ಟು. ಆದ್ದರಿಂದ ‘ನಮ್ಮದು ಅಷ್ಟೇನು ಎತ್ತರ ಅಲ್ಲ’ ಅಂತ ನಿಮ್ಮ ತಮ್ಮನ ಮಾಲೀಕರು ಹೇಳಿದರೆ ಒಪ್ಪಬೇಡಿ.

ಒಂದೇ ಮಂದೆಯಲ್ಲಿ ಒಂದು ಕಡಸಿಗೆ ಬರುತ್ತದೆ, ಪಕ್ಕದ್ದಕ್ಕೆ ಬರುವುದಿಲ್ಲ. ಅದಕ್ಕೆ ವಂಶದ ಪಾಲು ದೊಡ್ಡದು. ಇದರ ಒಂದು ಚೆಂದದ ಸಾಕ್ಷಿ ನಮ್ಮ ಲಡಾಖ್‌ನಿಂದಲೇ ಬಂದಿದೆ. ಇಂದರ್ ಆನಂದ್ ಮತ್ತು ಸಂಗಡಿಗರು ಅಲ್ಲಿ ಯಾಕ್, ಹಸು ಮತ್ತು ಅವೆರಡರ ಮಿಶ್ರತಳಿಗಳ ಶ್ವಾಸಕೋಶದ ಒತ್ತಡ ಅಳೆದು 1986ರಲ್ಲಿ ಪ್ರಕಟಿಸಿದರು. ಯಾಕ್‌ನ ನಾಳಗಳು ಬಿಗಿಯುವುದೇ ಇಲ್ಲ ಅನ್ನುವಷ್ಟು ಸಡಿಲ. ಯಾಕ್ ಮತ್ತು ಹಸುವಿಗೆ ಹುಟ್ಟಿದ ಝೋ ಕೂಡ ಯಾಕ್‌ನಂತೆಯೇ. ಆದರೆ ಝೋಗೆ ಮತ್ತೆ ದನದ ಹೋರಿ ಕೂಡಿಸಿ ಹುಟ್ಟಿದವುಗಳಲ್ಲಿ ಕೆಲವು ಯಾಕ್‌ನಂತೆ, ಕೆಲವು ಹಸುವಿನಂತೆ. ಎಲ್ಲವೂ ಅದೇ ಬೆಟ್ಟದಲ್ಲೇ ಇದ್ದವು, ವ್ಯತ್ಯಾಸ ಬಂದದ್ದು ಅಪ್ಪ ಅಮ್ಮನಿಂದ.

ಈಗ ಹೊಟ್ಟೆಗೆ ಬರೋಣ.

ಎತ್ತರದಲ್ಲಿ ಆಮ್ಲಜನಕ ಕಡಿಮೆಯಾಗಿ ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಮೆಲುಕು ಹಾಕುವ ದೊಡ್ಡ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಮಂಡ್ಯದಲ್ಲಿದ್ದರೂ ಲೇಹ್‌ನಲ್ಲಿದ್ದರೂ ಆಮ್ಲಜನಕ ಇರುವುದೇ ಇಲ್ಲ ಅನ್ನಬಹುದು. ಅಲ್ಲಿನ ಜೀವಿಗಳಿಗೆ ಅದು ಬೇಕೂ ಇಲ್ಲ. ಎತ್ತರ ಅವುಗಳನ್ನು ಮುಟ್ಟುವುದು ಹಸುವಿನ ಮೂಲಕ. ಮೇವು ಬೇರೆ, ಚಳಿ ಜಾಸ್ತಿ, ತಿನ್ನುವುದು ಕಡಿಮೆ, ಕರುಳಿನ ಗೋಡೆಗೆ ರಕ್ತ ಮತ್ತು ಆಮ್ಲಜನಕ ಕಡಿಮೆ. ಹೊಟ್ಟೆಯೊಳಗಿನ ಸಂಸಾರ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ತಲೆತಲಾಂತರದಿಂದ ಎತ್ತರದಲ್ಲೇ ಇರುವ ಪ್ರಾಣಿಗಳಲ್ಲಿ ಈ ಬದಲಾವಣೆ ಲಾಭದ ಕಡೆಗಿದೆ. ಟಿಬೆಟ್ ಪ್ರಸ್ಥಭೂಮಿಯ ಯಾಕ್ ಮತ್ತು ಅಲ್ಲಿನ ಕುರಿಗಳ ರೂಮೆನ್ ಬಗ್ಗೆ 2016ರಲ್ಲಿ ಚೀನಾದ ವಿಜ್ಞಾನಿಗಳು ಬರೆದಿದ್ದಾರೆ. ಬಯಲಿನ ದನ ಕುರಿಗಳಿಗಿಂತ ಅವು ಮೀಥೇನ್ ಕಡಿಮೆ ಬಿಡುತ್ತವೆ, ಮೈಗೆ ಹತ್ತುವ ಕೊಬ್ಬಿನಾಮ್ಲಗಳನ್ನು ಜಾಸ್ತಿ ಮಾಡುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ಬರುವುದೇ ಈ ಆಮ್ಲಗಳಿಂದ. ಮೇವು ಕಡಿಮೆ ಸಿಗುವ ಚಳಿನಾಡಿನಲ್ಲಿ ಇದು ದೊಡ್ಡ ಉಳಿತಾಯ. ಆದರೆ ಇದು ಹೊಟ್ಟೆಪಾಡಿನ ವಿಷಯ. ಯಾಕ್‌ಗೆ ಎದೆ ಊದದಿರುವುದು ಅದರ ರಕ್ತನಾಳದಿಂದ, ರೂಮೆನ್‌ನಿಂದಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುವವರು ಜಾಸ್ತಿ.

ಹಾಗಾದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ನಂಟಿಲ್ಲವಾ? ಇರಬಹುದು. ಮನುಷ್ಯರಲ್ಲಿ ಶ್ವಾಸಕೋಶದ ಒತ್ತಡ ಏರಿದವರ ಕರುಳಿನ ಬ್ಯಾಕ್ಟೀರಿಯಾ ಬೇರೆ ರೀತಿ ಇದ್ದದ್ದು 2020ರಲ್ಲಿ ವರದಿಯಾಗಿದೆ. ಕರುಳಿಗೆ ಒಳ್ಳೆಯದಾದ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುವ ಬ್ಯಾಕ್ಟೀರಿಯಾ ಅವರಲ್ಲಿ ಕಡಿಮೆ ಇದ್ದವು. ಆಮ್ಲಜನಕ ಕಡಿಮೆ ಮಾಡಿದ ಪೆಟ್ಟಿಗೆಯಲ್ಲಿ ಇಟ್ಟ ಇಲಿಗಳಿಗೆ ಬ್ಯುಟಿರೇಟ್ ಕೊಟ್ಟಾಗ ಒತ್ತಡ ಅಷ್ಟು ಏರಲಿಲ್ಲ. ಇಲಿಗಳ ಮಾತು ಹಸುವಿಗೆ ನೇರವಾಗಿ ಅನ್ವಯಿಸಲು ನನಗೆ ಮನಸ್ಸಿಲ್ಲ. ಹಸು ದಿನವಿಡೀ ತನ್ನ ರೂಮೆನ್‌ನಲ್ಲೇ ಬ್ಯುಟಿರೇಟ್ ಮಾಡಿಕೊಳ್ಳುತ್ತಿರುತ್ತದೆ, ಇಲಿ ಹಾಗಲ್ಲ.

ದನಗಳಿಗೇ ವಿಶೇಷವಾದ ಇನ್ನೊಂದು ದಾರಿ ನನಗೆ ಇದಕ್ಕಿಂತ ಗಟ್ಟಿ ಅನ್ನಿಸುತ್ತದೆ. ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾದ ಚೂರುಗಳನ್ನು ಮನುಷ್ಯರಲ್ಲಿ, ಇಲಿಗಳಲ್ಲಿ ಮುಖ್ಯವಾಗಿ ಯಕೃತ್ತಿನ ಕೋಶಗಳು ಹಿಡಿದು ನುಂಗುತ್ತವೆ. ದನ, ಕುರಿ, ಹಂದಿಗಳಲ್ಲಿ ಅಂಥ ಕಾವಲು ಕೋಶಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳ ಒಳಗೇ ಕೂತಿರುತ್ತವೆ. ಬ್ಯಾಕ್ಟೀರಿಯಾದ ಹೊರಪೊರೆಯ ವಿಷಕ್ಕೆ ಎಂಡೋಟಾಕ್ಸಿನ್ ಅನ್ನುತ್ತಾರೆ. ಅದು ರಕ್ತಕ್ಕೆ ಬಿದ್ದರೆ ಈ ಕೋಶಗಳು ಅದನ್ನು ಹಿಡಿದು, ನಾಳ ಬಿಗಿಯುವಂಥ ರಾಸಾಯನಿಕಗಳನ್ನು ಬಿಡುತ್ತವೆ. ಕರು ಮತ್ತು ಕುರಿಗಳಿಗೆ ಎಂಡೋಟಾಕ್ಸಿನ್ ಕೊಟ್ಟರೆ ಶ್ವಾಸಕೋಶದ ಒತ್ತಡ ಏರುವುದು ಬಹಳ ಹಿಂದಿನಿಂದಲೂ ಗೊತ್ತಿರುವ ವಿಷಯ. ಈಗ ಯೋಚಿಸಿ. ಜೋಳದ ಕಾಳು ಜಾಸ್ತಿ, ಒಣಹುಲ್ಲು ಕಡಿಮೆ ಕೊಟ್ಟರೆ ರೂಮೆನ್ ಹುಳಿಯಾಗುತ್ತದೆ, ಬ್ಯಾಕ್ಟೀರಿಯಾ ಒಡೆದು ಎಂಡೋಟಾಕ್ಸಿನ್ ಹೊರಬರುತ್ತದೆ, ಗೋಡೆ ಹದಗೆಟ್ಟಿದ್ದರೆ ಸ್ವಲ್ಪ ರಕ್ತಕ್ಕೂ ಸೋರುತ್ತದೆ. ಮೊದಲೇ ಬಿಗಿದ ನಾಳಗಳ ಮೇಲೆ ಇದೊಂದು ಹೆಚ್ಚಿನ ಹೊರೆ. ಎತ್ತರದ ಕಾಯಿಲೆಯಲ್ಲಿ ಇದು ಹೀಗೇ ನಡೆಯುತ್ತದೆ ಅಂತ ಸಾಬೀತಾಗಿಲ್ಲ. ಆದರೆ ಎಲ್ಲಿ ಹುಡುಕಬೇಕು ಅಂತ ಕೇಳಿದರೆ ನಾನು ಇಲ್ಲೇ ಕೈ ತೋರಿಸುತ್ತೇನೆ.

ಇನ್ನು ಆ ಭೇದಿಯ ಮಾತು. ಕಾಯಿಲೆ ಬಿದ್ದ ಕಡಸಿನ ಸಗಣಿ ತೆಗೆದು, ಆರೋಗ್ಯವಾಗಿರುವ ಕಡಸಿನ ಸಗಣಿ ತೆಗೆದು, ಎರಡರ ಡಿಎನ್‌ಎ ಓದಿ, ‘ನೋಡಿ, ಬ್ಯಾಕ್ಟೀರಿಯಾ ಬೇರೆ ಬೇರೆ’ ಅಂದರೆ ಆಶ್ಚರ್ಯವೇನಿಲ್ಲ. ಹೃದಯ ಸೋತ ಕಡಸಿನ ಕರುಳಿನ ಗೋಡೆ ಊದಿರುತ್ತದೆ, ಭೇದಿ ಇರುತ್ತದೆ, ಮೇವು ಬಿಟ್ಟಿರುತ್ತದೆ, ನ್ಯುಮೋನಿಯಾ ಅಂದುಕೊಂಡು ಆಂಟಿಬಯಾಟಿಕ್ ಬೇರೆ ಚುಚ್ಚಿರುತ್ತಾರೆ. ಬೇರೆ ಆಗದೆ ಇನ್ನೇನು? ಇನ್ನೊಂದು ವಿಷಯ, ಸಗಣಿ ಹೇಳುವುದು ದೊಡ್ಡ ಕರುಳಿನ ಸುದ್ದಿ. ರೂಮೆನ್ ಸುದ್ದಿ ಬೇಕಿದ್ದರೆ ಬಾಯಿಂದ ಟ್ಯೂಬ್ ಹಾಕಿ ರಸ ತೆಗೆಯಬೇಕು. ಕಾರಣ ಗೊತ್ತಾಗಬೇಕಾದರೆ ಕಡಸುಗಳು ಬಯಲಲ್ಲಿ ಆರೋಗ್ಯವಾಗಿದ್ದಾಗಲೇ ಮಾದರಿ ತೆಗೆದು, ಮೇಲಕ್ಕೆ ಸಾಗಿಸಿದ ಮೇಲೂ ತೆಗೆಯುತ್ತಾ, ಜೊತೆಜೊತೆಗೆ ಒತ್ತಡವನ್ನೂ ಅಳೆಯುತ್ತಾ ಹೋಗಬೇಕು. ಅದು ದುಬಾರಿ ಕೆಲಸ.

ಆದ್ದರಿಂದ ಯಾವ ಪ್ರೋಬಯಾಟಿಕ್ ಪುಡಿಯನ್ನೂ ಈ ಕಾಯಿಲೆಗೆ ಅಂತ ನಾನು ಬರೆದುಕೊಡುವುದಿಲ್ಲ. ಕರುಗಳ ಭೇದಿಗೆ ಅಂತ ಈಗಾಗಲೇ ಕೊಡುತ್ತಿದ್ದರೆ ಕೊಡಲಿ, ತೊಂದರೆಯಿಲ್ಲ. ಅದು ಶ್ವಾಸಕೋಶದ ನಾಳಗಳನ್ನು ಸಡಿಲಿಸುತ್ತದೆ ಅಂತ ಮಾತ್ರ ನಂಬಬಾರದು.

ನಿಮ್ಮ ತಮ್ಮ ಮಾಡಬಹುದಾದದ್ದು ಬೇರೆ ಇದೆ. ಅಲ್ಲಿನ ಪಶುವೈದ್ಯರು ಕತ್ತಿನ ರಕ್ತನಾಳದಿಂದ ಸಣ್ಣ ಕೊಳವೆ ಇಳಿಸಿ, ಹೃದಯದ ಬಲಭಾಗ ದಾಟಿಸಿ, ಶ್ವಾಸಕೋಶದ ಅಪಧಮನಿಯ ಒತ್ತಡ ಅಳೆಯುತ್ತಾರೆ. ಇದಕ್ಕೆ ಪಿಎಪಿ ಟೆಸ್ಟ್ ಅನ್ನುತ್ತಾರೆ. ಕಡಸು ಆ ಎತ್ತರಕ್ಕೆ ಬಂದು ಕನಿಷ್ಠ 3 ವಾರ ಆಗಿರಬೇಕು, ವಯಸ್ಸು ಒಂದು ವರ್ಷ ದಾಟಿದ್ದರೆ ಅಂಕಿಯನ್ನು ಹೆಚ್ಚು ನಂಬಬಹುದು. ಒತ್ತಡ 41 ಎಂಎಂಎಚ್‌ಜಿ (ಪಾದರಸದ ಮಿಲಿಮೀಟರ್) ಕೆಳಗೆ ಬಂದರೆ ಸಾಮಾನ್ಯವಾಗಿ ನಿರಾಳ. 49 ಮುಟ್ಟಿದರೆ ಅದನ್ನು ಅಲ್ಲಿಂದ ಕೆಳಗೆ ಇಳಿಸುವುದೇ ಸರಿ. ಅಂಥದ್ದನ್ನು ಎತ್ತರದ ಮಂದೆಗೆ ತಳಿಗಾಗಿ ಉಳಿಸಿಕೊಳ್ಳಬಾರದು, ಈ ಗುಣ ಮರಿಗಳಿಗೆ ಇಳಿಯುತ್ತದೆ.

ಈಗಾಗಲೇ ಎದೆ ಊದಿದ್ದರೆ ಓಡಿಸಬಾರದು, ಅಟ್ಟಬಾರದು. ನಿಧಾನವಾಗಿ ಗಾಡಿಗೆ ಹತ್ತಿಸಿ ತಗ್ಗಿನ ಜಾಗಕ್ಕೆ ಕಳಿಸಬೇಕು. ಮೂತ್ರ ಹೆಚ್ಚಿಸುವ ಔಷಧದಿಂದ ನೀರು ಇಳಿಯುತ್ತದೆ, ಹೃದಯ ಸರಿಹೋಗುವುದಿಲ್ಲ. ಕರುವಾಗಿದ್ದಾಗ ಬರುವ ನ್ಯುಮೋನಿಯಾವನ್ನು ಬೇಗ ಹಿಡಿಯಬೇಕು, ಅದು ಈ ಬಿಗಿತವನ್ನು ಇನ್ನೂ ಜೋರು ಮಾಡುತ್ತದೆ. ಹಿಂಡಿ ಕಾಳು ಸುರಿದು ಕಡಸುಗಳನ್ನು ಸುಮ್ನೆ ಕೊಬ್ಬಿಸಬಾರದು. ರೂಮೆನ್ ಹುಳಿಯಾಗುವುದೂ ಇದರಿಂದ ತಪ್ಪುತ್ತದೆ. ಹೊಟ್ಟೆಯ ಬ್ಯಾಕ್ಟೀರಿಯಾಗೆ ಏನಾದರೂ ಮಾಡಲೇಬೇಕು ಅಂತಿದ್ದರೆ, ಸಾಕಷ್ಟು ಒಣಹುಲ್ಲು ಕೊಡುವುದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಇನ್ನು ಮಂಡ್ಯದ ಹಸು. ಅದು ಎತ್ತರದ ಕಾಯಿಲೆ ಅಲ್ಲವೇ ಅಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರ್, ಮಂಡ್ಯ ಅದರ ಅರ್ಧವೂ ಇಲ್ಲ. ನಮ್ಮ ಕಡೆ ಹಸುವಿನ ಎದೆ ಊದಿ, ಕತ್ತಿನ ನಾಳ ಉಬ್ಬಿದರೆ ನಾನು ಮೊದಲು ಅನುಮಾನಿಸುವುದು ತಂತಿ ಅಥವಾ ಮೊಳೆ. ಮೇವಿನ ಜೊತೆ ನುಂಗಿದ ತಂತಿ ಜೇನುಗೂಡಿನಂಥ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ವಪೆ, ವಪೆಯ ಆಚೆ ಹೃದಯ. ಚುಚ್ಚಿಕೊಂಡು ಹೋಗಿ ಹೃದಯದ ಸುತ್ತ ಕೀವು ಕಟ್ಟುತ್ತದೆ. ಅಂಥ ಹಸು ಮೊಣಕೈ ಹೊರಚಾಚಿ ನಿಲ್ಲುತ್ತದೆ, ಇಳಿಜಾರಲ್ಲಿ ನಡೆಯಲು ಹಿಂಜರಿಯುತ್ತದೆ, ನರಳುತ್ತದೆ. ಊತ ಬರೀ ದವಡೆಯ ಕೆಳಗಿದ್ದರೆ ಯಕೃತ್ತಿನ ಚಪ್ಪಟೆ ಹುಳುವನ್ನೂ ನೋಡಬೇಕು. ತಂತಿಯೇ ಆಗಿದ್ದರೆ ಎದೆ ಊದಿದ ಮೇಲೆ ಮಾಡುವುದಕ್ಕೆ ಬಹಳವೇನೂ ಉಳಿದಿರುವುದಿಲ್ಲ. ಮೊದಲೇ ಹೊಟ್ಟೆಗೆ ಅಯಸ್ಕಾಂತ ನುಂಗಿಸಿಟ್ಟರೆ ತಂತಿ ಅದಕ್ಕೆ ಅಂಟಿಕೊಂಡು ಕೂರುತ್ತದೆ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿ ನೋಡಿ, ಮನೆಯಲ್ಲಿ ಉಳಿದ ಹಸುಗಳಿಗಾದರೂ ಹಾಕಿಸಿ.