ಎರಡು ಕಂಪ್ಯೂಟರ್‌ನಿಂದ ಒಂದೇ ಸ್ಟಾಕ್ ತಿದ್ದಿದರೆ ಲೆಕ್ಕ ಯಾಕೆ ತಪ್ಪುತ್ತದೆ?

ನೀವು ಕೇಳಿದ್ದು ಇಷ್ಟು ಅಲ್ವಾ: ಮಾವನವರ ಗೊಬ್ಬರದ ಅಂಗಡಿಗೆ ಸಿ ಶಾರ್ಪ್ ಭಾಷೆಯಲ್ಲಿ, ವಿನ್‌ಫಾರ್ಮ್ಸ್ (ವಿಂಡೋಸ್ ಸ್ಕ್ರೀನ್‌ಗಳನ್ನು ಕಟ್ಟುವ ಸಾಧನ) ಬಳಸಿ ಸ್ಟಾಕ್ ಪ್ರೋಗ್ರಾಂ ಬರೆದಿದ್ದೀರಿ. ಎಸ್‌ಕ್ಯೂಲೈಟ್ (ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿರುವ ಬಗೆ) ಫೈಲನ್ನು ಶೇರ್ಡ್ ಫೋಲ್ಡರ್‌ನಲ್ಲಿಟ್ಟಿದ್ದೀರಿ. ಅಂಗಡಿಯಿಂದಲೂ ಗೋಡೌನ್‌ನಿಂದಲೂ ಅದನ್ನೇ ತೆರೆಯುತ್ತಾರೆ. ಒಬ್ಬರು ತಿದ್ದಿದ್ದು, ಇನ್ನೊಬ್ಬರು ಸೇವ್ ಒತ್ತಿದ ಮೇಲೆ ಮಾಯವಾಗುತ್ತದೆ.

ಎರರ್ ಏನೂ ಬರುವುದಿಲ್ಲ ಎಂದಿದ್ದೀರಿ. ಬರುವುದೂ ಇಲ್ಲ. ಏನಾಗುತ್ತಿದೆ ನೋಡಿ. ಬೆಳಿಗ್ಗೆ ಯೂರಿಯಾ 120 ಚೀಲ ಇದೆ. ಗೋಡೌನ್‌ನವರು ಆ ಸ್ಕ್ರೀನ್ ತೆರೆದಿಟ್ಟುಕೊಂಡು ಲಾರಿಯಿಂದ ಮಾಲು ಇಳಿಸಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ಅಂಗಡಿಯಲ್ಲಿ 20 ಚೀಲ ಮಾರಾಟವಾಯಿತು, ಡೇಟಾಬೇಸ್‌ನಲ್ಲಿ 100 ಆಯಿತು. ಲಾರಿಯಲ್ಲಿ ಬಂದದ್ದು 50. ಗೋಡೌನ್‌ನ ಸ್ಕ್ರೀನ್‌ನಲ್ಲಿ ಇನ್ನೂ ಹಳೆಯ 120 ಇದೆ. ಅದಕ್ಕೆ 50 ಕೂಡಿಸಿ 170 ಎಂದು ಸೇವ್ ಮಾಡಿದರು. ಇರುವುದು 150, ಪುಸ್ತಕದಲ್ಲಿ 170. ಅಂಗಡಿಯ 20 ಚೀಲದ ಮಾರಾಟ ಅಳಿಸಿಹೋಯಿತು.

ಸ್ಟಾಕ್‌ನಂಥ ಲೆಕ್ಕಕ್ಕೆ ಸುಲಭದ ದಾರಿ ಇದೆ. ಸ್ಕ್ರೀನ್‌ನಲ್ಲಿರುವ ಮೊತ್ತವನ್ನು ಬರೆಯಲೇಬೇಡಿ. ‘ಈಗ ಎಷ್ಟಿದೆಯೋ ಅದಕ್ಕೆ 50 ಕೂಡಿಸು’ ಎಂದು ಡೇಟಾಬೇಸ್ ತಿದ್ದುವ ಅಪ್‌ಡೇಟ್ ವಾಕ್ಯದಲ್ಲೇ ಹೇಳಿ. ಇನ್ನೂ ಒಳ್ಳೆಯದೆಂದರೆ, ಬಂದದ್ದು ಹೋದದ್ದು ಪ್ರತಿಯೊಂದನ್ನೂ ಬೇರೆ ಟೇಬಲ್‌ನಲ್ಲಿ ಒಂದೊಂದು ಸಾಲಾಗಿ ಬರೆಯಿರಿ. ಮಾವನವರು ಕೈಯಲ್ಲಿ ಸ್ಟಾಕ್ ಪುಸ್ತಕ ಬರೆಯುತ್ತಿದ್ದದ್ದೂ ಹೀಗೇ ಇರಬೇಕು. ಲೆಕ್ಕ ತಪ್ಪಿದ ದಿನ ಎಲ್ಲಿ ತಪ್ಪಿತು ಎಂದು ಹುಡುಕಲು ಆ ಸಾಲುಗಳು ಇರುತ್ತವೆ.

ಗ್ರಾಹಕರ ವಿಳಾಸ, ಫೋನ್ ನಂಬರ್‌ಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಪ್ರತಿ ಸಾಲಿಗೂ ಒಂದು ವರ್ಷನ್ ಕಾಲಂ ಇಡಿ. ಓದುವಾಗ ಅದನ್ನೂ ಓದಿಕೊಳ್ಳಿ. ಸೇವ್ ಮಾಡುವಾಗ ವೇರ್ ಭಾಗದಲ್ಲಿ (ಯಾವ ಸಾಲು ತಿದ್ದಬೇಕು ಎಂದು ಹೇಳುವ ಭಾಗ) ಐಡಿ ಜೊತೆಗೆ, ಓದಿದ್ದ ವರ್ಷನ್ ನಂಬರನ್ನೂ ಹಾಕಿ, ಅದೇ ಅಪ್‌ಡೇಟ್‌ನಲ್ಲಿ ವರ್ಷನ್‌ಗೆ ಒಂದು ಕೂಡಿಸಿ. ಎಷ್ಟು ಸಾಲು ಬದಲಾಯಿತು ಎಂದು ಆ ವಾಕ್ಯವನ್ನು ನಡೆಸುವ ಎಕ್ಸಿಕ್ಯೂಟ್‌ನಾನ್‌ಕ್ವೆರಿ ಹೇಳುತ್ತದೆ. 1 ಬಂದರೆ ಸರಿ. 0 ಬಂದರೆ ನಡುವೆ ಬೇರೆ ಯಾರೋ ಆ ಸಾಲನ್ನು ತಿದ್ದಿದ್ದಾರೆ ಅಥವಾ ಅಳಿಸಿದ್ದಾರೆ ಎಂದರ್ಥ. ಆಗ ಸುಮ್ನೆ ‘ಸೇವ್ ಆಗಲಿಲ್ಲ’ ಎಂದು ತೋರಿಸಬೇಡಿ. ಈಗ ಇರುವ ವಿಳಾಸ, ಅವರು ಟೈಪ್ ಮಾಡಿದ ವಿಳಾಸ ಎರಡನ್ನೂ ಪಕ್ಕಪಕ್ಕ ತೋರಿಸಿ. ಯಾವುದು ಸರಿ ಎಂಬುದು ಅಲ್ಲಿ ಕೂತವರಿಗೇ ಗೊತ್ತು.

ಸ್ಕ್ರೀನ್ ತೆರೆದಾಗಲೇ ಸಾಲನ್ನು ಲಾಕ್ ಮಾಡಿಬಿಟ್ಟರೆ ಆಗದೇ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಒಂದು ಅಂಗಡಿಗೆ ಬರೆದ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಟ್ರಾನ್ಸಾಕ್ಷನ್ (ಬದಲಾವಣೆಗಳೆಲ್ಲ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ಕಟ್ಟು) ಶುರುಮಾಡಿ, ಸ್ಟಾಕ್ ಕಳೆದು, ಆಮೇಲೆ ‘ಪ್ರಿಂಟ್ ಮಾಡಲೇ?’ ಎಂದು ಮೆಸೇಜ್ ಬಾಕ್ಸ್ ತೋರಿಸುತ್ತಿದ್ದೆ. ಉತ್ತರ ಬಂದ ಮೇಲೆ ಕಮಿಟ್, ಅಂದರೆ ಖಾಯಂ ಮಾಡುವುದು. ಅಲ್ಲಿಯವರೆಗೆ ಆ ಸಾಲು ಲಾಕ್. ಒಂದು ದಿನ ಕೌಂಟರ್‌ನ ಹುಡುಗ ಬಾಕ್ಸ್ ಹಾಗೇ ಬಿಟ್ಟು ಟೀ ಕುಡಿಯಲು ಹೋದ. ಪಕ್ಕದ ಕೌಂಟರ್‌ನಲ್ಲಿ ಅದೇ ಐಟಂ ಬಿಲ್ ಮಾಡಲು ಹೋದರೆ ಮೂವತ್ತು ಸೆಕೆಂಡ್ ಸ್ತಬ್ಧ, ಆಮೇಲೆ ಟೈಮ್‌ಔಟ್. ಎದುರಿಗೆ ಐದಾರು ಜನ ರೈತರು ಬಿಸಿಲಲ್ಲಿ ನಿಂತಿದ್ದರು. ಅವರನ್ನು ಕಾಯಿಸಿದ್ದು ನನ್ನ ಕೋಡ್. ಅವತ್ತಿನಿಂದ ಕೇಳುವುದೆಲ್ಲ ಮೊದಲೇ ಕೇಳಿ ಮುಗಿಸುತ್ತೇನೆ. ಆಮೇಲೆ ಕನೆಕ್ಷನ್ ತೆರೆದು, ಬಿಲ್, ಅದರ ಐಟಂಗಳು, ಸ್ಟಾಕ್ ಮೂರನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆದು ತಕ್ಷಣ ಮುಚ್ಚುತ್ತೇನೆ.

ಇನ್ನು ಆ ಶೇರ್ಡ್ ಫೋಲ್ಡರ್. ಎಸ್‌ಕ್ಯೂಲೈಟ್ ನನಗೂ ಇಷ್ಟ, ಒಂದೇ ಕಂಪ್ಯೂಟರ್‌ಗಾದರೆ ಅದಕ್ಕಿಂತ ಸರಳವಾದದ್ದು ಬೇಡ. ಆದರೆ ಅದು ಫೈಲ್ ಲಾಕ್‌ಗಳನ್ನು ನಂಬಿ ನಡೆಯುತ್ತದೆ. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಆ ಲಾಕ್‌ಗಳನ್ನು ನಂಬುವಂತಿಲ್ಲ, ಫೈಲೇ ಕೆಟ್ಟುಹೋಗಬಹುದು. ಒಂದು ಕಂಪ್ಯೂಟರ್‌ನಲ್ಲಿ ಪೋಸ್ಟ್‌ಗ್ರೆಸ್ ಅಥವಾ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಡೇಟಾಬೇಸ್ ಸರ್ವರ್ ಹಾಕಿ, ಇನ್ನೊಂದು ಅದಕ್ಕೆ ಕನೆಕ್ಟ್ ಆಗಲಿ. ಎರಡೂ ಉಚಿತ. ಎಸ್‌ಕ್ಯೂಎಲ್ ಸರ್ವರ್‌ನಲ್ಲಾದರೆ ರೋವರ್ಷನ್ ಎಂಬ ಕಾಲಂ ಬಗೆಯೇ ಇದೆ, ಪ್ರತಿ ಅಪ್‌ಡೇಟ್‌ಗೂ ತಾನೇ ಬದಲಾಗುತ್ತದೆ.

ಎಸ್‌ಕ್ಯೂಎಲ್ ಸರ್ವರನ್ನೇ ಆರಿಸಿದರೆ ರೈತರ ಹೆಸರಿನ ಕಾಲಂ ಎನ್‌ವಾರ್‌ಚಾರ್ (ಎಲ್ಲ ಭಾಷೆಯ ಅಕ್ಷರ ಹಿಡಿಸುವ ಬಗೆ) ಇರಲಿ. ಬರೀ ವಾರ್‌ಚಾರ್ ಆದರೆ ಸಾಮಾನ್ಯವಾಗಿ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಯಾಗಿ ಕೂರುತ್ತವೆ, ಹಾಗೆ ಸೇರಿದ ಹೆಸರನ್ನು ಮತ್ತೆ ಪಡೆಯಲಾಗುವುದಿಲ್ಲ. ಹೆಸರನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ನೇರ ಅಂಟಿಸದೆ ಪ್ಯಾರಾಮೀಟರ್ ಆಗಿ, ಅಂದರೆ ವಾಕ್ಯದಿಂದ ಬೇರೆಯಾಗಿ ಕಳಿಸಿ.

ಎಲ್ಲ ಬದಲಿಸಿದ ಮೇಲೆ ಹೀಗೆ ನೋಡಿ: ಎರಡೂ ಕಂಪ್ಯೂಟರ್‌ನಲ್ಲಿ ಒಬ್ಬರೇ ರೈತರ ಸಾಲು ತೆರೆಯಿರಿ. ಅಂಗಡಿಯಲ್ಲಿ ಫೋನ್ ನಂಬರ್ ತಿದ್ದಿ ಸೇವ್ ಮಾಡಿ. ಆಮೇಲೆ ಗೋಡೌನ್‌ನಲ್ಲಿ ವಿಳಾಸ ತಿದ್ದಿ ಸೇವ್ ಒತ್ತಿ. ಎರಡನೆಯದು ನಿಂತು ಕೇಳಬೇಕು. ಕೇಳದೆ ಸೇವ್ ಆದರೆ ಆ ಅಪ್‌ಡೇಟ್ ವಾಕ್ಯವನ್ನು ಇಲ್ಲಿ ಹಾಕಿ, ನೋಡುತ್ತೇನೆ.